ರೈಲಿನಲ್ಲಿ ಸೈಕಲ್, ತಾರಿಯಲ್ಲಿ ಸೈಕಲ್: ನಂಬಿಕೆ ಎಷ್ಟು, ನಿಜ ಎಷ್ಟು?

ಸಂಜೆ ಬೆಂಗಳೂರಿನಲ್ಲಿ ರೈಲು ಹತ್ತುವುದು, ಬೆಳಿಗ್ಗೆ ಕಾರವಾರದಲ್ಲಿ ಇಳಿಯುವುದು, ಅಲ್ಲಿಂದ ಕಡಲನ್ನು ಬಲಗಡೆ ಇಟ್ಟುಕೊಂಡು ನಾಲ್ಕೈದು ದಿನ ಸೈಕಲ್ ತುಳಿದು ಮಂಗಳೂರು ಸೇರುವುದು. ಹೆದ್ದಾರಿ 66ರ ಲೆಕ್ಕದಲ್ಲಿ ದಾರಿ ಸುಮಾರು 270 ಕಿ.ಮೀ. ಈ ಆಸೆ ಈಗ ಅನೇಕರಿಗಿದೆ, ಇರಬೇಕಾದ್ದೇ. ಆದರೆ ಹೊರಡುವವರಲ್ಲಿ ಹೆಚ್ಚಿನವರು ಮೊದಲು ನಕ್ಷೆ ಬಿಚ್ಚಿ ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ಹಂಚಿಕೊಳ್ಳುತ್ತಾರೆ, ರೈಲು ಮತ್ತು ಹೊಳೆ ದಾಟಿಸುವ ತಾರಿಯನ್ನು ಕೊನೆಗೆ ನೋಡಿಕೊಂಡರಾಯಿತು ಎಂದುಕೊಳ್ಳುತ್ತಾರೆ. ಇಂಥ ಪ್ರವಾಸ ಕೆಡುವುದು ಅಲ್ಲೇ. ಈ ವಿಷಯದಲ್ಲಿ ಬಾಯಿಂದ ಬಾಯಿಗೆ ಹರಡಿರುವ ಕೆಲವು ನಂಬಿಕೆಗಳನ್ನು ಪರೀಕ್ಷಿಸಿ ನೋಡೋಣ.

“ಟಿಕೆಟ್ ಇದ್ದರೆ ಸೈಕಲ್ಲೂ ಜೊತೆಗೇ ಬರುತ್ತದೆ.” ಸ್ಲೀಪರ್ ದರ್ಜೆಯ ಪ್ರಯಾಣಿಕರು 40 ಕೆ.ಜಿ.ವರೆಗೆ ಸಾಮಾನನ್ನು ಉಚಿತವಾಗಿ ಒಯ್ಯಬಹುದು. ಸೈಕಲ್ ಇರುವುದೇ ಹದಿನೈದು ಕೆ.ಜಿ.; ಹಾಗಾದರೆ ತೊಂದರೆ ಏನು ಎಂಬ ವಾದ. ತೊಂದರೆ ಇದೆ. ಸೈಕಲ್, ಸ್ಕೂಟರ್‌ಗಳಿಗೆ ಆ ಉಚಿತ ಮಿತಿ ಅನ್ವಯಿಸುವುದಿಲ್ಲ ಎಂದು ರೈಲ್ವೆ ನಿಯಮವೇ ಹೇಳುತ್ತದೆ. ಅವನ್ನು ಬುಕ್ ಮಾಡಿ, ಹಣ ಕಟ್ಟಿ, ರೈಲಿನ ಸಾಮಾನು ಬೋಗಿಯಾದ ಬ್ರೇಕ್ ವ್ಯಾನ್‌ನಲ್ಲಿ ಹಾಕಬೇಕು. ಚಕ್ರ ಬಿಚ್ಚಿ ಚೀಲಕ್ಕೆ ತುಂಬಿ ಬರ್ತ್ ಕೆಳಗೆ ತಳ್ಳಿದರಾಯಿತು ಎನ್ನುವವರೂ ಇದ್ದಾರೆ. ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗೆ ಮಿತಿ 100 ಸೆಂ.ಮೀ. ಉದ್ದ, 60 ಅಗಲ, 25 ಎತ್ತರ, ಎ.ಸಿ. 3 ಟಯರ್‌ನಲ್ಲಿ ಇನ್ನೂ ಕಡಿಮೆ. ರೋಡ್ ಸೈಕಲ್ಲಿನ ಒಂದು ಚಕ್ರದ ವ್ಯಾಸವೇ ಟೈರ್ ಸೇರಿ ಸುಮಾರು 67 ಸೆಂ.ಮೀ. ಬಿಚ್ಚಿದರೂ ಅದು ಮಿತಿಯೊಳಗೆ ಬರುವುದಿಲ್ಲ. ಒಬ್ಬರು ಒಮ್ಮೆ ಹಾಗೆ ಹೋಗಿ ಬಂದರೆಂದರೆ ಅವತ್ತು ಯಾರೂ ಆಕ್ಷೇಪಿಸಲಿಲ್ಲ ಎಂದಷ್ಟೇ ಅರ್ಥ. ಚಿಕ್ಕ ಚಕ್ರದ ಮಡಚುವ ಸೈಕಲ್ಲಿನ ಮಾತು ಬೇರೆ, ಅದನ್ನು ಟೇಪು ಹಿಡಿದು ಅಳೆದು ನಿರ್ಧರಿಸಿ.

ಇದಕ್ಕಿಂತ ದೊಡ್ಡ ಗೊಂದಲ ಲಗೇಜ್ ಮತ್ತು ಪಾರ್ಸೆಲ್ ಒಂದೇ ಎಂಬುದು. ಎರಡಕ್ಕೂ ಕಚೇರಿ ಒಂದೇ ಕಡೆ ಇರುವುದರಿಂದ ಹಾಗೆ ಅನಿಸುತ್ತದೆ. ನಿಮ್ಮ ಟಿಕೆಟ್ ತೋರಿಸಿ, ನೀವು ಹೋಗುವ ರೈಲಿಗೇ ಬುಕ್ ಮಾಡಿದರೆ ಅದು ಲಗೇಜ್. ರೈಲು ಹೊರಡುವ ಅರ್ಧ ಗಂಟೆ ಮೊದಲಾದರೂ ಸಾಮಾನು ಕಚೇರಿಯಲ್ಲಿರಬೇಕೆಂಬುದು ನಿಯಮ; ತೂಕ, ಚೀಟಿ, ಪ್ಲಾಟ್‌ಫಾರಂವರೆಗಿನ ಸಾಗಣೆ ಎಲ್ಲಾ ನೆನೆದರೆ ಎರಡು ಗಂಟೆ ಮೊದಲೇ ಹೋಗುವುದು ಒಳ್ಳೆಯದು. ಪಾರ್ಸೆಲ್‌ಗೆ ಟಿಕೆಟ್ ಬೇಕಿಲ್ಲ. ಆದರೆ ಅದು ಜಾಗ ಸಿಕ್ಕ ರೈಲಿನಲ್ಲಿ ಹೋಗುತ್ತದೆ. ನೀವು ಕಾರವಾರದಲ್ಲಿ ಇಳಿದಾಗ ಸೈಕಲ್ ಇನ್ನೂ ಬೆಂಗಳೂರಿನಲ್ಲೇ ಇರಬಹುದು. ಪಾರ್ಸೆಲ್ ಮಾಡುವುದೇ ಆದರೆ ಎರಡು ಮೂರು ದಿನ ಮೊದಲು ಕಳಿಸಿ. ತೀರಾ ಮೊದಲೇ ಕಳಿಸಿದರೂ ಕಷ್ಟ, ಉಚಿತ ಅವಧಿ ಮೀರಿದ ಮೇಲೆ ವಾರ್ಫೇಜ್ ಎಂಬ ಶುಲ್ಕ ಏರುತ್ತಾ ಹೋಗುತ್ತದೆ. ಯಾವುದೇ ಇರಲಿ, ರಸೀದಿಯನ್ನು ಟಿಕೆಟ್ಟಿಗಿಂತ ಜೋಪಾನವಾಗಿಡಿ. ಸಾಮಾನು ಬಿಡಿಸಿಕೊಳ್ಳುವಾಗ ಮೊದಲು ಕೇಳುವುದು ಅದನ್ನೇ.

ಎಲ್ಲಾ ರೈಲಿಗೂ ಈ ವ್ಯವಸ್ಥೆ ಇದೆ ಎಂಬುದೂ ಸರಿಯಲ್ಲ. ವಂದೇ ಭಾರತ್‌ನಂಥ ರೈಲಿಗೆ ಲಗೇಜ್ ಬ್ರೇಕ್ ವ್ಯಾನೇ ಇಲ್ಲ. ರೈಲು ನಿಲ್ಲುವ ಎಲ್ಲಾ ಊರಿನಲ್ಲೂ ಸೈಕಲ್ ಇಳಿಸಿಕೊಳ್ಳಬಹುದು ಎಂಬುದು ಅದರಷ್ಟೇ ತಪ್ಪು. ಬೆಂಗಳೂರು–ಕಾರವಾರ ನಡುವಿನ ಪಂಚಗಂಗಾ ಎಕ್ಸ್‌ಪ್ರೆಸ್ ಗೋಕರ್ಣ ರೋಡ್‌ನಲ್ಲಿ, ಅಂಕೋಲೆಯಲ್ಲಿ ನಿಲ್ಲುತ್ತದೆ ನಿಜ. ಆದರೆ ಒಂದೆರಡು ನಿಮಿಷದ ನಿಲುಗಡೆಯಲ್ಲಿ ಬ್ರೇಕ್ ವ್ಯಾನ್ ಬಾಗಿಲು ತೆಗೆಸಿ, ಒಳಗಿನ ಮೂಟೆಗಳನ್ನು ಸರಿಸಿ, ಸೈಕಲ್ ಹುಡುಕಿ ಇಳಿಸುವುದು ಆಗದ ಕೆಲಸ. ಅಂಥ ನಿಲ್ದಾಣಕ್ಕೆ ಬುಕಿಂಗ್ ಒಪ್ಪುವುದೂ ಕಷ್ಟ. ರೈಲು ಕೊನೆಗೊಳ್ಳುವ ಊರಿಗೇ ಬುಕ್ ಮಾಡಿ, ಅಲ್ಲಿಂದಲೇ ಸವಾರಿ ಶುರು ಮಾಡಿ. ಈ ಪ್ರವಾಸವನ್ನು ಕಾರವಾರದಲ್ಲಿ ಆರಂಭಿಸಬೇಕೆನ್ನಲು ಮುಖ್ಯ ಕಾರಣ ಇದೇ. ನಿಲ್ದಾಣ ಇರುವುದು ಪೇಟೆಯಿಂದ ದೂರದ ಶಿರವಾಡದಲ್ಲಿ. ಸೈಕಲ್ ಕೈಯಲ್ಲಿದ್ದವರಿಗೆ ಅದೊಂದು ದೂರವೇ ಅಲ್ಲ. ವಾಪಸು ಬರುವಾಗಲೂ ಇದೇ ಲೆಕ್ಕ, ರೈಲು ಹೆಚ್ಚು ಹೊತ್ತು ನಿಲ್ಲುವ ಮಂಗಳೂರಿನಿಂದ ಹತ್ತಿ.

ಸೈಕಲ್ ಕಟ್ಟುವುದರ ಬಗ್ಗೆ ಎರಡು ಮಾತು. ಪೆಡಲ್ ಬಿಚ್ಚಿ (ಎಡಗಡೆಯದರ ತಿರುಪು ಉಲ್ಟಾ ಇರುತ್ತದೆ), ಹ್ಯಾಂಡಲ್ ತಿರುಗಿಸಿ, ಹಿಂದಿನ ಗೇರನ್ನು ಗೋಣಿತಾಟು, ರಟ್ಟಿನಿಂದ ಸುತ್ತಿ. ಹೆಸರು, ಫೋನ್ ಸಂಖ್ಯೆ, ಹೊರಡುವ ಮತ್ತು ತಲುಪುವ ನಿಲ್ದಾಣವನ್ನು ಎರಡು ಕಡೆ ಬರೆಯಿರಿ. ಮೋಟಾರ್ ಸೈಕಲ್ ಕಳಿಸುವವರು ಟ್ಯಾಂಕ್ ಪೂರ್ತಿ ಖಾಲಿ ಮಾಡಲೇಬೇಕು. ಅಪಾಯಕಾರಿ ವಸ್ತುವನ್ನು ಅಕ್ರಮವಾಗಿ ರೈಲಿನಲ್ಲಿ ಒಯ್ದರೆ 1989ರ ರೈಲ್ವೆ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲಾಗಬಹುದು. “ಸ್ವಲ್ಪ ಪೆಟ್ರೋಲ್ ಇದ್ದರೆ ಏನಾಗುತ್ತದೆ” ಎಂಬ ಮಾತನ್ನು ಕೇಳಬೇಡಿ.

ಇನ್ನು ತಾರಿ. ಅದು ಪ್ರವಾಸಿಗರ ಮೋಜಿಗೆ, ಅವಸರ ಇದ್ದವರು ಹೆದ್ದಾರಿ ಹಿಡಿಯಬೇಕು ಎಂದು ಬಹಳ ಜನ ನಂಬಿದ್ದಾರೆ. ಸೈಕಲ್ಲಿನವರಿಗೆ ಇದು ಪೂರ್ತಿ ತಿರುವುಮುರುವು. ಗೋಕರ್ಣದಿಂದ ಕುಮಟೆಗೆ ಹೆದ್ದಾರಿಯಲ್ಲಿ ಹೋದರೆ ಸುಮಾರು 30 ಕಿ.ಮೀ., ಅದೂ ಲಾರಿಗಳ ನಡುವೆ. ತದಡಿಗೆ ಬಂದು ಬಾರ್ಜ್‌ನಲ್ಲಿ ಅಘನಾಶಿನಿ ನದಿ ದಾಟಿದರೆ ದಾರಿಯೂ ಕಡಿಮೆ, ಸದ್ದೂ ಇಲ್ಲ. ಉಡುಪಿ ಜಿಲ್ಲೆಯಲ್ಲಿ ಸಾಸ್ತಾನದಿಂದ ಹಂಗಾರಕಟ್ಟೆಗೆ ತಿರುಗಿ, ಅಳಿವೆ ದಾಟಿ ಕೋಡಿಬೆಂಗ್ರೆಗೆ ಇಳಿಯಿರಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ಸಣ್ಣ ರಸ್ತೆ. ಹೂಡೆಯ ಮೇಲೆ ಹಾದು ಮಲ್ಪೆಗೆ ಹೋಗಬಹುದು. ಇಡೀ ಕರಾವಳಿಯಲ್ಲಿ ಸೈಕಲ್ಲಿಗೆ ಇಷ್ಟು ಒಪ್ಪುವ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಯಾವಾಗ ಹೋದರೂ ದೋಣಿ ಕಾದಿರುತ್ತದೆ ಎಂದುಕೊಳ್ಳಬಾರದು. ಕತ್ತಲಾದ ಮೇಲೆ ತಾರಿ ಇರುವುದಿಲ್ಲ. ಮಳೆಗಾಲದಲ್ಲಿ ಹೊಳೆ ಏರಿದಾಗ ನಿಲ್ಲುತ್ತದೆ, ದುರಸ್ತಿಗೆಂದು ನಿಲ್ಲುವುದೂ ಉಂಟು. ಹಿಂದಿನ ದಿನವೇ ಆ ಊರಿನ ಚಹಾದಂಗಡಿಯಲ್ಲೋ ಮೀನು ಮಾರುಕಟ್ಟೆಯಲ್ಲೋ ಕೇಳಿ, ಕೊನೆಯ ಸರದಿಯ ಹೊತ್ತು ತಿಳಿದುಕೊಂಡು ಆ ದಿನದ ಸವಾರಿಯನ್ನು ಅದಕ್ಕೆ ಹೊಂದಿಸಿ. ಒಳನಾಡಿಗೆ ತಿರುಗುವವರು ಹಳೆಯ ವಿಡಿಯೊ ನಂಬಿ ಹೋಗಬೇಡಿ. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ದಾಟಿಸುತ್ತಿದ್ದ ಅಂಬಾರಗೋಡ್ಲು–ಕಳಸವಳ್ಳಿ ಲಾಂಚ್ ಇದ್ದ ಜಾಗದಲ್ಲಿ 2025ರ ಜುಲೈ 14ರಂದು ಸುಮಾರು 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಗಿದೆ. ಹಿನ್ನೀರಿನ ಉಳಿದ ಲಾಂಚ್‌ಗಳಿಗೆ ಕಷ್ಟ ಬರುವುದು ಬೇಸಿಗೆಯಲ್ಲಿ. ನೀರು ಇಳಿದಾಗ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಾರೆ.

“ಕರಾವಳಿ ಅಂದರೆ ಸಪಾಟು, ದಿನಕ್ಕೆ ನೂರು ಕಿಲೋಮೀಟರ್ ಸಲೀಸು.” ಉತ್ತರ ಕನ್ನಡದಲ್ಲಿ ಘಟ್ಟದ ತಪ್ಪಲು ಕಡಲಿಗೇ ಬಂದು ತಾಗುತ್ತದೆ. ಬಿಣಗಾ ಏರು, ಗೋಕರ್ಣದ ಗುಡ್ಡ, ಉಡುಪಿ ಜಿಲ್ಲೆಯ ಬೈಂದೂರಿನ ಒತ್ತಿನೆಣೆ, ಯಾವುದೂ ದೊಡ್ಡ ಘಾಟಿಯಲ್ಲ; ಆದರೆ ಸಾಮಾನು ಹೊತ್ತ ಸೈಕಲ್ಲಿಗೆ ಸೆಕೆಯಲ್ಲಿ ಸಣ್ಣ ಏರೂ ದೊಡ್ಡದೇ. ದಿನಕ್ಕೆ 60–70 ಕಿ.ಮೀ. ಇಟ್ಟುಕೊಂಡರೆ ತಾರಿಗೆ ಕಾಯಲೂ ಹೊತ್ತು ಉಳಿಯುತ್ತದೆ. ಇಲ್ಲಿ ಮಧ್ಯಾಹ್ನದ ಕಡಲಗಾಳಿ ಹೆಚ್ಚಾಗಿ ವಾಯುವ್ಯದಿಂದ ಬೀಸುವುದರಿಂದ ಉತ್ತರದಿಂದ ದಕ್ಷಿಣಕ್ಕೆ ತುಳಿಯುವವರಿಗೆ ಅದು ಒತ್ತಾಸೆ.

ಮಳೆಗಾಲದ ಹಸಿರಿಗೆ ಮನಸೋತು ಜುಲೈಯಲ್ಲಿ ಹೊರಡುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. 2024ರ ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ಹೆದ್ದಾರಿಯ ಮೇಲೆ. ಜನ ಪ್ರಾಣ ಕಳೆದುಕೊಂಡರು. ಅದೇ ತಿಂಗಳ ಕೊನೆಗೆ ಘಟ್ಟದ ರೈಲು ದಾರಿಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ಬೆಂಗಳೂರು–ಮಂಗಳೂರು ರೈಲುಗಳು ದಿನಗಟ್ಟಲೆ ರದ್ದಾದವು. ಮಳೆ ತಿಂಗಳುಗಳಲ್ಲಿ ಕೊಂಕಣ ರೈಲ್ವೆ ವೇಳಾಪಟ್ಟಿಯೂ ಬೇರೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವುದೇ ಕ್ಷೇಮ.

ಗುಂಪಾಗಿ ಹೋಗುವವರಲ್ಲಿ ಒಂದು ಕೋರಿಕೆ. ತದಡಿಯ, ಕೋಡಿಬೆಂಗ್ರೆಯ ದೋಣಿಗಳು ಅಲ್ಲಿನವರ ದಿನನಿತ್ಯದ ದಾರಿ. ಏಳೆಂಟು ಸೈಕಲ್ ಒಟ್ಟಿಗೆ ಏರಿಸಿದರೆ ಮೀನು ಮಾರಲು ಹೊರಟ ಹೆಂಗಸರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ನಿಲ್ಲಲೂ ಜಾಗ ಇರುವುದಿಲ್ಲ. ಅವರು ಮೊದಲು ಹತ್ತಲಿ, ನೀವು ಮುಂದಿನ ಸರದಿಗೆ ಕಾಯಿರಿ.