ಹಸಿರು ಸದನ, ಕೆಂಪು ಸದನ: ವೆಸ್ಟ್‌ಮಿನ್‌ಸ್ಟರ್ ಅರಮನೆ

ಬ್ರಿಟಿಷ್ ಸಂಸತ್ತು ಸೇರುವುದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿರುವ ವೆಸ್ಟ್‌ಮಿನ್‌ಸ್ಟರ್ ಅರಮನೆಯಲ್ಲಿ. ಆಚೆ ದಡದಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ನೋಟಕ್ಕೆ ಪುರಾತನವೆನಿಸಿದರೂ ಈ ಕಟ್ಟಡದ ಹೆಚ್ಚಿನ ಭಾಗ 19ನೇ ಶತಮಾನದ್ದು. ಹಿಂದೆ ಸರ್ಕಾರಿ ಲೆಕ್ಕಕ್ಕೆ ಗೀಟು ಹಾಕಿಡುತ್ತಿದ್ದ ಮರದ ಕಡ್ಡಿಗಳನ್ನು 1834ರಲ್ಲಿ ಒಲೆಗೆ ಹಾಕಿ ಸುಡಲು ಹೋಗಿ, ಹಳೆಯ ಅರಮನೆಯೇ ಸುಟ್ಟುಹೋಯಿತು. 11ನೇ ಶತಮಾನದ ವೆಸ್ಟ್‌ಮಿನ್‌ಸ್ಟರ್ ಹಾಲ್ ಉಳಿದುಕೊಂಡಿತು. ಈಗಿನ ಅರಮನೆಯ ವಿನ್ಯಾಸ ಚಾರ್ಲ್ಸ್ ಬ್ಯಾರಿಯದು, ಒಳಾಂಗಣದ ಕುಸುರಿ ಅಗಸ್ಟಸ್ ಪ್ಯೂಜಿನ್‌ನದು.

ಜನ ಆರಿಸಿದ 650 ಸದಸ್ಯರ ಕಾಮನ್ಸ್ ಸಭೆಯಲ್ಲಿ ಆಸನಗಳಿರುವುದು 427 ಮಾತ್ರ. ತಡವಾಗಿ ಬಂದವರು ನಿಂತೇ ಕೇಳಬೇಕು. ಇದು ಬೇಕೆಂದೇ ಉಳಿಸಿಕೊಂಡ ಇಕ್ಕಟ್ಟು. 1941ರಲ್ಲಿ ಜರ್ಮನ್ ಬಾಂಬಿಗೆ ಸಭಾಂಗಣ ನಾಶವಾದಾಗ ಹಳೆಯ ಅಳತೆಯಲ್ಲೇ ಕಟ್ಟಬೇಕೆಂದು ಪಟ್ಟು ಹಿಡಿದವರು ಚರ್ಚಿಲ್. ಆಡಳಿತ ಪಕ್ಷ, ವಿರೋಧ ಪಕ್ಷಗಳು ಹಸಿರು ಬೆಂಚುಗಳಲ್ಲಿ ಎದುರುಬದುರು ಕೂರುತ್ತವೆ. ನಡುವಿನ ರತ್ನಗಂಬಳಿಯ ಮೇಲೆ ಎರಡು ಕೆಂಪು ಗೆರೆಗಳಿವೆ. ಮಾತನಾಡುವವರು ಅವನ್ನು ದಾಟುವಂತಿಲ್ಲ.

ಮಸೂದೆಯ ಮೊದಲ ವಾಚನದಲ್ಲಿ ಓದುವುದು ಶೀರ್ಷಿಕೆಯನ್ನಷ್ಟೇ. ಅದರ ತತ್ವದ ಮೇಲಿನ ಚರ್ಚೆ ಎರಡನೆಯ ವಾಚನದಲ್ಲಿ. ನಿಜವಾದ ಜರಡಿ ಸಮಿತಿಯ ಹಂತ: ಅಲ್ಲಿ ಒಂದೊಂದು ಕಲಮಿನ ಮೇಲೂ ತಿದ್ದುಪಡಿಗಳು ಬರುತ್ತವೆ. ಬಳಿಕ ವರದಿ, ಮೂರನೆಯ ವಾಚನ. ಮತ ಬೀಳಬೇಕಾದಾಗ ಗಂಟೆ ಮೊಳಗುತ್ತದೆ. ಸದಸ್ಯರು ಎಂಟು ನಿಮಿಷದೊಳಗೆ ಓಡಿಬಂದು, ಪರ ಅಥವಾ ವಿರೋಧದ ಮೊಗಸಾಲೆಯ ಮೂಲಕ ನಡೆದುಹೋಗಿ ಮತ ದಾಖಲಿಸುತ್ತಾರೆ.

ಕಾಮನ್ಸ್‌ನಲ್ಲಿ ಮಂಡನೆಯಾದ ಮಸೂದೆ ಮುಂದೆ ಕೆಂಪು ಬೆಂಚುಗಳ ಲಾರ್ಡ್ಸ್ ಸಭೆಗೆ ಹೋಗುತ್ತದೆ. ಅಲ್ಲಿಯೂ ಇದೇ ಹಂತಗಳು. ಲಾರ್ಡ್ಸ್‌ಗೆ ಚುನಾವಣೆಯಿಲ್ಲ, ಹೆಚ್ಚಿನವರು ಜೀವಾವಧಿಗೆ ನೇಮಕಗೊಂಡವರು, ಜೊತೆಗೆ 26 ಬಿಷಪ್‌ಗಳಿಗೂ ಸ್ಥಾನವಿದೆ. ಸಭಾಧ್ಯಕ್ಷರ ಪೀಠ ಉಣ್ಣೆ ತುಂಬಿದ ಕೆಂಪು ದಿಂಬು. ತಿದ್ದುಪಡಿ ಒಪ್ಪಿಗೆಯಾಗದಿದ್ದರೆ ಮಸೂದೆ ಎರಡು ಸದನಗಳ ನಡುವೆ ಓಡಾಡುತ್ತದೆ. ಆದರೆ 1911 ಮತ್ತು 1949ರ ಕಾಯ್ದೆಗಳ ನಂತರ ಲಾರ್ಡ್ಸ್‌ನ ಹಿಡಿತ ಸಡಿಲವಾಗಿದೆ: ಹಣಕಾಸು ಮಸೂದೆಯನ್ನು ಒಂದು ತಿಂಗಳು, ಕಾಮನ್ಸ್‌ನ ಇತರ ಬಹುಪಾಲು ಮಸೂದೆಗಳನ್ನು ಸುಮಾರು ಒಂದು ವರ್ಷ ತಡೆಯಬಹುದು, ಅಷ್ಟೇ. ಕೊನೆಗೆ ಬೇಕಾದ ರಾಜಸಮ್ಮತಿ ಈಗ ಬರಿಯ ಶಾಸ್ತ್ರ. ಅದನ್ನು ಕಡೆಯದಾಗಿ ನಿರಾಕರಿಸಿದ್ದು 1708ರಲ್ಲಿ, ರಾಣಿ ಆ್ಯನ್.

ಕಲಾಪವನ್ನು ಸಾರ್ವಜನಿಕರು ಗ್ಯಾಲರಿಯಿಂದ ಉಚಿತವಾಗಿ ನೋಡಬಹುದು. ಪ್ರಧಾನಿಯ ಪ್ರಶ್ನೋತ್ತರವಿರುವ ಬುಧವಾರ ಮಧ್ಯಾಹ್ನ ಮಾತ್ರ ಜಾಗ ಸಿಗುವುದು ಕಷ್ಟ.