ಕೊಳಗಲ್ಲು ಶಿಬಿರಕ್ಕೆ ಜ್ವರ ಬಂದಾಗ: ಮುಚ್ಚಿಡದೆ ಹೇಳಿದ್ದರಿಂದ ಉಳಿದೆವು

ಬೇಸಿಗೆ ರಜೆ ಬಂತೆಂದರೆ ನಮ್ಮ ಮದ್ರಸಗಳಲ್ಲಿ ಶಿಬಿರಗಳ ಸಾಲು. ಕರಾವಳಿಯಲ್ಲಿ ಹೇಗೋ ಬಳ್ಳಾರಿ ಸೀಮೆಯಲ್ಲೂ ಹಾಗೆಯೇ. ಮಂಗಳೂರು ಕಡೆಯಿಂದ ಬಂದು ಇಲ್ಲಿ ಓದಿಸುತ್ತಿರುವ ನಾವು ನಾಲ್ವರು ಉಸ್ತಾದರು, ಜಮಾಅತ್ ಸಮಿತಿಯವರನ್ನು ಕೂಡಿಕೊಂಡು ಕೊಳಗಲ್ಲಿನಲ್ಲಿ 10 ದಿನದ ವಸತಿ ಶಿಬಿರ ಇಟ್ಟುಕೊಂಡೆವು. ಒಟ್ಟು 58 ಹುಡುಗರು. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆಯವರೇ ಜಾಸ್ತಿ. ನಮ್ಮ ಕರಾವಳಿಯಿಂದಲೂ 9 ಮಂದಿ. ಇಲ್ಲಿಯವರು ನಮ್ಮನ್ನು ‘ಹಜರತ್’ ಅಂತಾರೆ, ಅಲ್ಲಿಯವರು ‘ಉಸ್ತಾದ್’ ಅಂತಾರೆ. ಎರಡು ದಿನದಲ್ಲಿ ಎಲ್ಲರೂ ಬೆರೆತು ಹೋದರು. ಬೆಳಿಗ್ಗೆ ಕುರ್‌ಆನ್ ಪಾರಾಯಣ, ಹೊತ್ತೇರಿದ ಮೇಲೆ ಫಿಕ್‌ಹ್ ತರಗತಿ, ಅಸರ್ ಕಳೆದು ಫುಟ್‌ಬಾಲ್.

ಈ ಶಿಬಿರದ ಕಥೆಯನ್ನು ಪತ್ರಿಕೆಗೆ ಬರೆಯುವುದು ಬೇಡ ಎಂದವರೂ ಇದ್ದಾರೆ. ಆದರೆ ನಾವು ಮಾಡಿದ ತಪ್ಪನ್ನು ಇನ್ನೊಂದು ಊರಿನ ಉಸ್ತಾದರು ಮಾಡಬಾರದಲ್ಲ, ಅದಕ್ಕಾಗಿ ಬರೆಯುತ್ತಿದ್ದೇವೆ.

ಬಿಸಿಲು ಬಡಿದಿದೆ ಎಂದುಕೊಂಡೆವು

ಮೊದಲ ದಿನ ಸಂಜೆಯೇ ಒಬ್ಬ ಹುಡುಗ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದ. ಮೈ ಸ್ವಲ್ಪ ಬಿಸಿ, ಒಣ ಕೆಮ್ಮು. ಬಳ್ಳಾರಿ ಬೇಸಿಗೆ ಹೇಗಿರುತ್ತದೆಂದು ಗೊತ್ತಲ್ಲ, 40 ಡಿಗ್ರಿ ದಾಟುವ ಬಿಸಿಲು. ಊರಿನ ಹಿರಿಯರೊಬ್ಬರು, ‘ಬಿಸ್ಲು ಬಡ್ದೈತಿ ಹಜರತ್, ನಿಂಬೆಹಣ್ಣಿನ ಶರಬತ್ತು ಕುಡಿಸ್ರಿ, ಹೋಗ್ತೈತಿ’ ಎಂದರು. ನಮಗೂ ಸರಿ ಅನ್ನಿಸಿತು. ಶರಬತ್ತು ಕುಡಿಸಿ ಉಳಿದವರ ನಡುವೆಯೇ ಮಲಗಿಸಿದೆವು.

ಮೂರನೇ ದಿನ 4 ಹುಡುಗರು ಮಲಗಿದರು. ಆಗಲೂ ಬಿಸಿಲೇ ಎಂದೆವು. ನಾಲ್ಕನೇ ದಿನ ಸುಬ್‌ಹಿ ನಮಾಝಿಗೆ ಎಬ್ಬಿಸಲು ಹೋದರೆ 11 ಮಂದಿ ಏಳಲಿಲ್ಲ. ಮೈ ಕೆಂಡ, ತಲೆನೋವು, ಕೈಕಾಲು ಸೆಳೆತ, ಗಂಟಲು ಕೆರೆತ. ಆಗ ನಮಗೆ ಭಯವಾಯಿತು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನು ಮಾಡಿದೆವು. ಅವರು ಬಂದು ಐದಾರು ಮಕ್ಕಳನ್ನು ನೋಡಿ ಒಂದೇ ಮಾತು ಹೇಳಿದರು: ‘ಹಜರತ್ರೇ, ಬಿಸಿಲು ಬಡಿದರೆ ಕೆಮ್ಮು ಬರಲ್ಲ. ಒಬ್ಬನಿಂದ ನಾಲ್ವರಿಗೂ ಹೋಗಲ್ಲ. ಇದು ಫ್ಲೂ.’

ಫ್ಲೂ ಅಂದರೆ ಮಳೆಗಾಲದ ಕಾಯಿಲೆ, ಚಳಿಗಾಲದ ಕಾಯಿಲೆ ಎಂದು ನಾವು ತಿಳಿದಿದ್ದೆವು. ನಮ್ಮ ದೇಶದಲ್ಲಿ ಅದರ ಹಾವಳಿ ಜಾಸ್ತಿ ಇರುವುದು ಆ ಕಾಲಗಳಲ್ಲೇ ಹೌದು. ಆದರೆ ಇನ್‌ಫ್ಲುಯೆಂಜಾ ವೈರಸ್ಸಿಗೆ ಮುಖ್ಯವಾಗಿ ಬೇಕಾದ್ದು ಮುಚ್ಚಿದ ಕೋಣೆ ಮತ್ತು ಹತ್ತಿರ ಹತ್ತಿರ ಮಲಗುವ ಜನ. ಅದನ್ನು ನಾವೇ ಒದಗಿಸಿದ್ದೆವು. ಬಿಸಿಗಾಳಿ, ಧೂಳು ಬರುತ್ತದೆಂದು ಹಾಲಿನ ಕಿಟಕಿಗಳನ್ನೆಲ್ಲ ಮುಚ್ಚಿ ಎರಡು ಕೂಲರ್ ಇಟ್ಟಿದ್ದೆವು. ಚಾಪೆಗೆ ಚಾಪೆ ತಾಗಿಸಿ 58 ಮಕ್ಕಳನ್ನು ಮಲಗಿಸಿದ್ದೆವು. ನೀರಿನ ಕೊಡಕ್ಕೆ ಒಂದೇ ಲೋಟ. ದೊಡ್ಡ ತಟ್ಟೆಯಲ್ಲಿ ಐದೈದು ಮಂದಿ ಸೇರಿ ಊಟ. ಜೊತೆಗೆ ಕೂತು ಉಣ್ಣುವುದು ಸುನ್ನತ್, ಅದರಲ್ಲಿ ಬರಕತ್ ಇದೆ ಎಂದು ಕಲಿಸುವವರೇ ನಾವು. ಕಾಯಿಲೆಯ ದಿನ ತಟ್ಟೆ ಬೇರೆ ಮಾಡಬೇಕೆಂದು ಹೊಳೆಯಲಿಲ್ಲ.

ಒಬ್ಬನಿಂದ 512 ಮಂದಿಗೆ

ಡಾಕ್ಟರಮ್ಮ ಹೇಳಿದ ಲೆಕ್ಕ ಇದು. ವೈರಸ್ ಮೈಗೆ ಹೊಕ್ಕಿ 1ರಿಂದ 4 ದಿನದಲ್ಲಿ ಜ್ವರ ಬರುತ್ತದೆ, ಹೆಚ್ಚಾಗಿ ಎರಡನೇ ದಿನ. ಆದರೆ ಜ್ವರ ಕಾಣಿಸುವುದಕ್ಕೆ ಒಂದು ದಿನ ಮೊದಲೇ ಆ ಮಗು ಬೇರೆಯವರಿಗೆ ಅಂಟಿಸಲು ಶುರು ಮಾಡಿರುತ್ತದೆ. ಜ್ವರ ಬಂದ ಮೇಲೂ ಐದಾರು ದಿನ, ಸಣ್ಣ ಮಕ್ಕಳಲ್ಲಿ ಇನ್ನೂ ಹೆಚ್ಚು ದಿನ ಅಂಟಿಸುತ್ತಲೇ ಇರುತ್ತದೆ.

ಇದಕ್ಕೆ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನದ್ದು. 1978ರ ಜನವರಿಯಲ್ಲಿ ಅಲ್ಲಿನ ಗಂಡುಮಕ್ಕಳ ವಸತಿ ಶಾಲೆಯೊಂದರಲ್ಲಿ 763 ಹುಡುಗರಿದ್ದರು. ರಜೆ ಮುಗಿಸಿ ಹಾಂಕಾಂಗ್‌ನಿಂದ ಬಂದ ಒಬ್ಬ ಹುಡುಗನಿಗೆ ಜ್ವರವಿತ್ತು. ಎರಡೇ ವಾರದಲ್ಲಿ 512 ಹುಡುಗರು ಹಾಸಿಗೆ ಹಿಡಿದರು. ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲೂ 2009ರಲ್ಲಿ ಎಚ್1ಎನ್1 ಬಂದಾಗ ವಸತಿ ಶಾಲೆಯೊಂದು ಹೀಗೇ ನಲುಗಿತ್ತು. ಶಾಲೆ ದೊಡ್ಡದೋ ಸಣ್ಣದೋ, ಫೀಸು ಲಕ್ಷವೋ ಐನೂರೋ, ಒಂದೇ ಸೂರಿನಡಿ ಮಲಗುವ ಮಕ್ಕಳ ಕಥೆ ಒಂದೇ.

ಆ ತಾಯಿ ಯಾಕೆ ಹೇಳಲಿಲ್ಲ?

ಮೊದಲು ಮಲಗಿದ ಹುಡುಗನ ತಾಯಿಗೆ ಫೋನು ಮಾಡಿದೆವು. ಆಕೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುವವರು. ಮಗನಿಗೆ ಹಿಂದಿನ ದಿನವೇ ಜ್ವರವಿತ್ತಂತೆ. ಪ್ಯಾರಾಸಿಟಮಾಲ್ ಕೊಟ್ಟು, ಮೈ ತಣ್ಣಗಾದ ಮೇಲೆ ಬಸ್ಸು ಹತ್ತಿಸಿದ್ದಾರೆ. ನಮಗೆ ಸಿಟ್ಟು ಬಂತು. ‘ಹೇಳಬಾರದಿತ್ತಾ ಅಮ್ಮಾ?’ ಎಂದೆವು. ಆಕೆ ಮೆಲ್ಲಗೆ, ‘500 ರೂಪಾಯಿ ಕಟ್ಟಿದ್ದೆ ಹಜರತ್. ಬರದಿದ್ರೆ ವಾಪಸ್ ಕೊಡಲ್ಲ ಅಂತ ಚೀಟಿಯಾಗೆ ಬರ್ದಿದ್ರಿ’ ಎಂದರು.

ಆ ಚೀಟಿ ಬರೆದವರು ನಾವೇ. ‘ಶುಲ್ಕ ಮರುಪಾವತಿ ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೆವು. ಆದರೆ ಮಗುವಿಗೆ ಜ್ವರ ಇದೆಯೇ, ಉಬ್ಬಸ ಇದೆಯೇ, ಯಾವ ಔಷಧಿ ತೆಗೆದುಕೊಳ್ಳುತ್ತಾನೆ ಎಂಬ ಒಂದು ಸಾಲೂ ಅದರಲ್ಲಿ ಇರಲಿಲ್ಲ. ಬಡ ತಾಯಿ ಸುಳ್ಳು ಹೇಳಿದಳೆಂದು ಹೇಳುವುದು ಸುಲಭ. ಸತ್ಯ ಹೇಳಿದರೆ ನಷ್ಟವಾಗುವಂತೆ ನಿಯಮ ಮಾಡಿದವರು ಯಾರು?

ಹಾಲ್ ಎರಡಾಯಿತು

ಅಂದೇ ಮಧ್ಯಾಹ್ನ ಶಿಬಿರದ ಸ್ವರೂಪ ಬದಲಾಯಿತು. ಮೇಲ್ಮಹಡಿಯ ಎರಡು ತರಗತಿ ಕೋಣೆಗಳನ್ನು ರೋಗಿಗಳಿಗೆ ಬಿಟ್ಟೆವು. ಕಿಟಕಿ ಬಾಗಿಲೆಲ್ಲ ತೆರೆದು ಒದ್ದೆ ಚಾಪೆ ಇಳಿಬಿಟ್ಟೆವು. ಧೂಳು ಬಂದರೆ ಗುಡಿಸಬಹುದು, ನಿಂತ ಗಾಳಿಯನ್ನು ಗುಡಿಸಲಾಗದು. ನಮ್ಮಲ್ಲಿ ಚಿಕ್ಕ ವಯಸ್ಸಿನ, ಆರೋಗ್ಯವಾಗಿರುವ ಒಬ್ಬ ಉಸ್ತಾದರು ಮಾಸ್ಕ್ ಹಾಕಿಕೊಂಡು ಆ ಕೋಣೆಗಳ ಉಸ್ತುವಾರಿ ತೆಗೆದುಕೊಂಡರು. ಬೇರೆ ಯಾರೂ ಮೇಲೆ ಹೋಗುವಂತಿಲ್ಲ. ಉಳಿದ ಮಕ್ಕಳನ್ನು ಹಾಲಿನಲ್ಲಿ, ಅಂಗಳದ ಪೆಂಡಾಲಿನಡಿ ದೂರ ದೂರ ಮಲಗಿಸಿದೆವು. ಬೆಳಿಗ್ಗೆ ಸಂಜೆ ಎಲ್ಲರ ಜ್ವರ ಅಳೆದು ನೋಟ್‌ಬುಕ್ಕಿನಲ್ಲಿ ಬರೆದೆವು. ಊಟಕ್ಕೆ ಪ್ರತ್ಯೇಕ ತಟ್ಟೆ, ಲೋಟಕ್ಕೆ ಹೆಸರಿನ ಚೀಟಿ.

‘ದಿನಕ್ಕೆ ಐದು ಸಲ ವುಝೂ ಮಾಡ್ತೇವೆ, ಕೈ ತೊಳೆಯೋ ಪಾಠ ನಮಗ್ಯಾಕೆ?’ ಎಂದು ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ವುಝೂ ನಮ್ಮನ್ನು ನಮಾಝಿಗೆ ಶುದ್ಧಗೊಳಿಸುತ್ತದೆ. ಸಿಂಬಳ ಒರೆಸಿದ ಕೈಯಿಂದ ವೈರಸ್ ತೆಗೆಯಲು ಸಾಬೂನು ಬೇಕು, 20 ಸೆಕೆಂಡ್ ಉಜ್ಜಬೇಕು. ಒಂದು ಇನ್ನೊಂದಕ್ಕೆ ಬದಲಿ ಅಲ್ಲ. ನಳದ ಹತ್ತಿರ ಸಾಬೂನು ಇಟ್ಟೆವು, ಎಲ್ಲರೂ ಮುಖ ಒರೆಸುತ್ತಿದ್ದ ಒಂದೇ ಟವೆಲನ್ನು ತೆಗೆದೆವು.

ಔಷಧಿ ವಿಷಯದಲ್ಲೂ ಕಲಿತದ್ದಿದೆ. ಸಮಿತಿಯ ಒಬ್ಬರು ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ಕಟ್ಟು ತಂದಿದ್ದರು. ಡಾಕ್ಟರಮ್ಮ ವಾಪಸ್ ಕಳಿಸಿದರು. ಅದು ಬ್ಯಾಕ್ಟೀರಿಯಾಕ್ಕೆ, ವೈರಸ್ಸಿಗಲ್ಲ. ತೂಕ ನೋಡಿ ಪ್ಯಾರಾಸಿಟಮಾಲ್, ಗಂಜಿ, ಕಾಯಿಸಿ ಆರಿಸಿದ ನೀರು, ಓಆರ್‌ಎಸ್, ನಿದ್ದೆ ಇಷ್ಟೇ ಹೆಚ್ಚಿನವರಿಗೆ ಸಾಕಾಯಿತು. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಮಾತ್ರ ಕೊಡಲೇಬೇಡಿ ಎಂದು ಎರಡೆರಡು ಸಲ ಹೇಳಿದರು. ಫ್ಲೂ ಇರುವ ಮಗುವಿಗೆ ಅದರಿಂದ ಮಿದುಳು, ಪಿತ್ತಜನಕಾಂಗಕ್ಕೆ ಅಪಾಯ ಬರಬಹುದು. ಫ್ಲೂಗೆಂದೇ ಇರುವ ಒಸೆಲ್ಟಾಮಿವಿರ್ ಮಾತ್ರೆ ಎಲ್ಲರಿಗೂ ಬೇಕಿಲ್ಲ. ಉಬ್ಬಸ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವವರಿಗೆ, ಗರ್ಭಿಣಿಯರಿಗೆ, ವೃದ್ಧರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ, ಕಾಯಿಲೆ ಜೋರಾದವರಿಗೆ ವೈದ್ಯರು ನೋಡಿ ಕೊಡುತ್ತಾರೆ. 48 ಗಂಟೆಯೊಳಗೆ ಶುರು ಮಾಡಿದರೆ ಫಲ ಜಾಸ್ತಿ.

ಐದನೇ ರಾತ್ರಿ

ಐದನೇ ದಿನ ರಾತ್ರಿಯನ್ನು ನಾವು ಮರೆಯುವುದಿಲ್ಲ. 12 ವರ್ಷದ ಒಬ್ಬ ಹುಡುಗನಿಗೆ ಉಸಿರು ಏರಿತು. ಪಕ್ಕೆ ಒಳಕ್ಕೆ ಎಳೆಯುತ್ತಿತ್ತು, ಮಾತು ಪೂರ್ತಿ ಬರುತ್ತಿರಲಿಲ್ಲ. 108ಕ್ಕೆ ಫೋನು ಮಾಡಿದೆವು. ಅವನ ಬಟ್ಟೆ ತುಂಬಲು ಬ್ಯಾಗ್ ತೆರೆದರೆ ಅಡಿಯಲ್ಲಿ ಇನ್‌ಹೇಲರ್! ಹುಡುಗನಿಗೆ ಉಬ್ಬಸವಿದೆ ಎಂದು ನಮಗೆ ಗೊತ್ತಾದದ್ದೇ ಆಗ. ಗೆಳೆಯರು ನಗುತ್ತಾರೆಂದು ಅವನು ಅಡಗಿಸಿಟ್ಟಿದ್ದ. ಬಳ್ಳಾರಿಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು, ಗಂಟಲು ದ್ರವ ಪರೀಕ್ಷೆ ಮಾಡಿದರು, ಇನ್‌ಫ್ಲುಯೆಂಜಾ ಎಂದು ಖಚಿತವಾಯಿತು. ಅವನ ಉಪ್ಪ ವಾರ್ಡಿನ ಹೊರಗೆ ನಮ್ಮ ಕೈ ಹಿಡಿದುಕೊಂಡು ಕೂತಿದ್ದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಅಲ್‌ಹಮ್ದುಲಿಲ್ಲಾಹ್, ಮೂರನೇ ದಿನ ಹುಡುಗ ನಗುತ್ತಾ ಮನೆಗೆ ಹೋದ.

ಉಸಿರಾಟದ ಕಷ್ಟ, ಎದೆನೋವು, ತುಟಿ ಉಗುರು ನೀಲಿಯಾಗುವುದು, ಮಂಪರು, ಕಫದಲ್ಲಿ ರಕ್ತ, ಏನೂ ಕುಡಿಯದೆ ಇರುವುದು: ಇವುಗಳಲ್ಲಿ ಒಂದು ಕಂಡರೂ ಮದ್ದು ಮಂತ್ರ ಅಂತ ಕೂರಬೇಡಿ. ಓದಿ ಊದಿಸಿಕೊಳ್ಳುವವರು ಆಂಬುಲೆನ್ಸಿನಲ್ಲೇ ಊದಿಸಿಕೊಳ್ಳಬಹುದು.

ಊರಿಗೆ ಏನಂತ ಹೇಳೋದು?

ಸಮಾರೋಪಕ್ಕೆ ಪೆಂಡಾಲು, ಅತಿಥಿಗಳು, ಮಟನ್ ಬಿರಿಯಾನಿಗೆ ಮುಂಗಡ ಎಲ್ಲ ಆಗಿತ್ತು. ‘ಜ್ವರ ಅಂದ್ರೆ ಮುಂದಿನ ವರ್ಷ ಯಾರೂ ಮಕ್ಕಳನ್ನ ಕಳಿಸಲ್ಲ. ಊರಿಗೆ ಏನಂತ ಹೇಳೋದು?’ ಎಂದು ಸಮಿತಿಯ ಸಭೆಯಲ್ಲಿ ಪ್ರಶ್ನೆ ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳೋಣ ಎಂದೆವು. ಎರಡು ಗಂಟೆ ಚರ್ಚೆಯಾಗಿ ಕೊನೆಗೆ ಒಪ್ಪಿದರು. ಸಮಾರೋಪ ರದ್ದಾಯಿತು, ಮುಂಗಡ ಹೋಯಿತು. ಆಶಾ ಕಾರ್ಯಕರ್ತೆ ಮೂಲಕ ಆರೋಗ್ಯ ಇಲಾಖೆಗೆ ಮಾಹಿತಿ ಹೋಯಿತು. ಪ್ರತಿ ಮನೆಗೂ ನಾವೇ ಫೋನು ಮಾಡಿದೆವು.

ಮಕ್ಕಳನ್ನು ಕಳಿಸುವುದೋ ಇಟ್ಟುಕೊಳ್ಳುವುದೋ ಎಂಬ ಪ್ರಶ್ನೆ ಇನ್ನೂ ಕಷ್ಟದ್ದು. ಸಾಂಕ್ರಾಮಿಕ ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಅದು ಬಂದರೆ ಅಲ್ಲಿಂದ ಓಡಬೇಡಿ ಎಂಬ ಪ್ರವಾದಿಯವರ ಬೋಧನೆ ಬುಖಾರಿಯಲ್ಲಿದೆ. ರೋಗಿಯನ್ನು ಆರೋಗ್ಯವಂತರ ಜೊತೆ ಬೆರೆಸಬಾರದು ಎಂಬುದೂ ಇದೆ. ಹಿಜರಿ 18ರ ಅಮವಾಸ್ ಪ್ಲೇಗಿನ ಕಾಲದಲ್ಲಿ ಖಲೀಫಾ ಉಮರ್ ಸಿರಿಯಾದ ದಾರಿಯಿಂದಲೇ ಹಿಂದಿರುಗಿದರು. ವಿಧಿಯಿಂದ ಓಡುತ್ತೀರಾ ಎಂದು ಕೇಳಿದವರಿಗೆ, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಎಂಬರ್ಥದ ಉತ್ತರ ಕೊಟ್ಟರು. ಇದನ್ನೆಲ್ಲ ನಾವು ಎಷ್ಟೋ ಸಲ ಪಾಠ ಮಾಡಿದ್ದೇವೆ. ಪಾಲಿಸುವ ಸರದಿ ಬಂದದ್ದು ಈಗ.

ಜ್ವರವಿಲ್ಲದ ಹತ್ತಿರದ ಮಕ್ಕಳನ್ನು ಹೆತ್ತವರು ಬೈಕಿನಲ್ಲಿ ಕರಕೊಂಡು ಹೋದರು. ನಾಲ್ಕು ದಿನ ಅಜ್ಜ ಅಜ್ಜಿಯಿಂದ, ಎಳೆ ಮಕ್ಕಳಿಂದ ದೂರ ಇರಿಸಿ ಎಂದು ಚೀಟಿ ಕೊಟ್ಟೆವು. ಜ್ವರ ಇದ್ದವರು ಮಾತ್ರೆಯಿಲ್ಲದೆಯೇ 24 ಗಂಟೆ ಜ್ವರ ಬಿಟ್ಟ ಮೇಲಷ್ಟೇ ಹೊರಡಬೇಕು ಎಂದಾಯಿತು. ಕರಾವಳಿಯ ಇಬ್ಬರಿಗೆ ಏಳನೇ ದಿನ ಜ್ವರ ಬಂತು. ಹತ್ತನೇ ರಾತ್ರಿಗೆ ಸ್ಲೀಪರ್ ಬಸ್ಸಿನ ಟಿಕೆಟ್ ಆಗಿತ್ತು, ನಾವು ಕಳಿಸಲಿಲ್ಲ. ಒಬ್ಬನ ಉಪ್ಪ ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈದರು. ಆ ಮನೆಯಲ್ಲಿ ನಲ್ವತ್ತು ತುಂಬದ ಹಸುಗೂಸು ಇದೆ ಎಂದು ನಮಗೆ ಗೊತ್ತಿತ್ತು. ಮೂರು ದಿನ ತಡೆದು ಕಳಿಸಿದೆವು. ವಾರದ ಮೇಲೆ ಅವರೇ ಫೋನು ಮಾಡಿದರು. ‘ಉಸ್ತಾದೇ, ಮಗು ಚೆನ್ನಾಗಿದೆ. ಅವತ್ತು ಬೈದದ್ದು ಮನಸ್ಸಲ್ಲಿ ಇಟ್ಕೊಬೇಡಿ’ ಎಂದರು.

ಒಟ್ಟು 22 ಹುಡುಗರು, ಇಬ್ಬರು ಉಸ್ತಾದರು, ಅಡುಗೆ ಸಹಾಯಕ ಒಬ್ಬರು ಮಲಗಿದರು. ಬೇರೆ ಮಾಡಿದ ಮೇಲೆ ಹುಡುಗರ ಲೆಕ್ಕ ಐದನೇ ದಿನ ಹೊಸದಾಗಿ 5, ಆರನೇ ದಿನ 4, ಏಳನೇ ದಿನ 2, ಆಮೇಲೆ ಸೊನ್ನೆ. ಮೊದಲ ಸಂಜೆಯೇ ಆ ಒಂದು ಚಾಪೆಯನ್ನು ಬೇರೆ ಕೋಣೆಗೆ ಒಯ್ದಿದ್ದರೆ ಎಷ್ಟು ಆಗುತ್ತಿತ್ತೋ ಅಲ್ಲಾಹನೇ ಬಲ್ಲ.

ಶಿಬಿರ ನಡೆಸುವವರಿಗೆ

• ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆ ಇರಲಿ. ಇನ್‌ಹೇಲರ್, ಮಾತ್ರೆ ಉಸ್ತಾದರ ಗಮನದಲ್ಲಿರಲಿ.
• ಜ್ವರದಿಂದ ಬರಲಾಗದ ಮಗುವಿನ ಶುಲ್ಕ ವಾಪಸ್ ಕೊಡಿ. ನಾವು ಚೀಟಿ ಬದಲಿಸಿದ್ದೇವೆ.
• ಬಂದ ದಿನವೇ ಜ್ವರ ಅಳೆಯಿರಿ. ಒಂದು ಕೋಣೆ ಖಾಲಿ ಇಟ್ಟುಕೊಳ್ಳಿ.
• ಎರಡನೇ ಮಗು ಮಲಗಿದ ಕೂಡಲೇ ವೈದ್ಯರನ್ನು ಕರೆಯಿರಿ. ಡೆಂಗಿ, ಟೈಫಾಯ್ಡ್ ಕೂಡ ಜ್ವರದಿಂದಲೇ ಶುರುವಾಗುತ್ತವೆ, ಊಹೆ ಬೇಡ. ಸಲಹೆಗೆ 104 ಆರೋಗ್ಯವಾಣಿ ಇದೆ.
• ಕೆಮ್ಮುವಾಗ, ಸೀನುವಾಗ ಮುಖ ಮುಚ್ಚುವುದು ಸುನ್ನತ್ ಎಂದು ಮಕ್ಕಳಿಗೆ ನೆನಪಿಸಿ. ಕಾಯಿಲೆಯವರಿಗೆ ಜಮಾಅತ್, ಜುಮಾದಿಂದ ವಿನಾಯಿತಿ ಇದೆ. ನೀರು ತಾಗಿದರೆ ತೊಂದರೆ ಆಗುವವರಿಗೆ ತಯಮ್ಮುಮ್ ಇದೆ.
• ಉಬ್ಬಸದ ಮಕ್ಕಳಿಗೆ, ಹಿರಿಯರಿಗೆ ವರ್ಷಕ್ಕೊಮ್ಮೆ ಹಾಕುವ ಫ್ಲೂ ಲಸಿಕೆ ಬಗ್ಗೆ ವೈದ್ಯರನ್ನು ಕೇಳಿ. ಹಜ್‌ಗೆ ಹೊರಡುವ ವೃದ್ಧರಿಗೆ ಹಾಕುವುದೂ ಅದನ್ನೇ.

ಆ ಜೀನ್ಸ್ ಹೊಲಿಯುವ ತಾಯಿಗೆ 500 ರೂಪಾಯಿ ಮರಳಿಸಲು ಹೋದೆವು. ಆಕೆ ತೆಗೆದುಕೊಳ್ಳಲಿಲ್ಲ. ‘ಮುಂದಿನ ವರ್ಷದ್ದು ಅಂತ ಇಟ್ಕೊಳ್ರಿ ಹಜರತ್, ಮಗ ಈಗ್ಲೇ ಕೇಳ್ತಾನೆ’ ಎಂದರು. ಆ ಹಣ ನಮ್ಮ ನೋಟ್‌ಬುಕ್ಕಿನಲ್ಲಿ, ಜ್ವರದ ಲೆಕ್ಕ ಬರೆದ ಪುಟದ ಮುಂದಿನ ಪುಟದಲ್ಲಿ, ಆ ಹುಡುಗನ ಹೆಸರಿಗೆ ಜಮೆಯಾಗಿದೆ.