ಕುಸ್ತಿಯ ತಂಡ ಕಟ್ಟುವ ಬಗೆ
(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ)

‘ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ಕೇಳದವರಿಲ್ಲ. ಅದು ಒಬ್ಬನೇ ಕಣಕ್ಕಿಳಿದ ಜಟ್ಟಿಯ ಮಾತಾಯಿತು. ಐದು ಜನ ಒಂದು ಊರಿನ ಹೆಸರು ಹೊತ್ತು ಇಳಿದಾಗ ಒಬ್ಬನ ಬೆನ್ನಿಗೆ ಹತ್ತಿದ ಮಣ್ಣು ಉಳಿದ ನಾಲ್ವರ ಮೀಸೆಗೂ ಹತ್ತುವದು. ಆದುದರಿಂದ ಯಾರನ್ನು ಇಳಿಸಬೇಕು, ಅವರಿಗೆ ಯಾರು ನಾಯಕನಾಗಬೇಕು ಎಂಬುದು ಸಣ್ಣ ವಿಚಾರವೇನೂ ಅಲ್ಲ. ಇದನ್ನು ನಾನು ಒಂದು ಸಲ ತಪ್ಪಿ ಕಲಿತೆನು. ಆ ತಪ್ಪನ್ನು ಮುಚ್ಚಿಡದೆ, ನನ್ನ ಅಲ್ಪ ತಿಳಿವಳಿಕೆಗೆ ಬಂದಷ್ಟನ್ನು ವಾಚಕರ ಮುಂದೆ ಇಡುವೆನು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯವರು ಕೂಲಿ ಮಾಡಿ ಬಾಳಿದವರು. ಆದರೆ ಹರೆಯದಲ್ಲಿ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವರು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅವರೇ ಕೈ ಹಿಡಿದು ರೋಣದ ಗರಡಿ ಮನೆಗೆ ಕರೆದೊಯ್ದರು. ನಮ್ಮದು ಎರಿ ಭೂಮಿಯ ಸೀಮೆ. ಎರಿ ಮಣ್ಣು ಜೋಳ-ಕಡಲೆಗೆ ಬಂಗಾರ, ಕುಸ್ತಿಗೆ ಬಾರದು. ಒಣಗಿದರೆ ಹೆಂಟೆ, ತೊಯ್ದರೆ ರಾಡಿ. ಆದ್ದರಿಂದ ಗುಡ್ಡದ ಕಡೆಯಿಂದ ಕೆಮ್ಮಣ್ಣು ತರಿಸಿ, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆಯ ರಸ ಕೂಡಿಸಿ ಹದ ಮಾಡುವರು. ಆ ಮಣ್ಣಿನಲ್ಲಿ ನಾನು ಎಂಟು ವರ್ಷ ಬಿದ್ದೆದ್ದಿರುವೆನು.

ಜಾತ್ರೆಯ ಕುಸ್ತಿಯಲ್ಲಿ ಜೋಡಿ ಹಚ್ಚುವ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದು. ಹುಡುಗನು ಕಣವನ್ನು ಸುತ್ತು ಹಾಕುವನು. ಸಮನಾದ ಇನ್ನೊಬ್ಬನು ಕೈ ಕೊಡುವನು. ಪಂಚರು ಇಬ್ಬರ ಮೈಕಟ್ಟು ನೋಡಿ ‘ಆಗಬಹುದು’ ಎಂದರೆ ಆಯಿತು. ಈ ನೋಟ ಬಹಳ ಹಳೆಯದು. ನಮ್ಮ ಸೀಮೆಯ ಸೂಡಿಯಲ್ಲಿ ಗುಡಿ ಕಟ್ಟಿಸಿದ ಕಲ್ಯಾಣದ ಚಾಲುಕ್ಯರ ವಂಶದವನೇ ಆದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಎಂಬ ಭಾಗವೇ ಇರುವದು. ಅಲ್ಲಿ ಮಲ್ಲರನ್ನು ವಯಸ್ಸು, ದೇಹ, ಬಲ ನೋಡಿ ವರ್ಗ ಮಾಡಿರುವರು. ಅರಸನ ಮುಂದಿನ ಆಟಕ್ಕೂ ಸರಿಜೋಡಿಯೇ ಬೇಕಾಗಿತ್ತೆಂದು ಇದರಿಂದ ತಿಳಿಯಬಹುದು.

ಈಗ ಕಣ್ಣಳತೆಯ ಜಾಗಕ್ಕೆ ಕಾಟಾ ಬಂದಿದೆ. ಅಂತರರಾಷ್ಟ್ರೀಯ ಕುಸ್ತಿ ಸಂಘವು 2018ರಲ್ಲಿ ಗಂಡಸರ ಮುಕ್ತ ಶೈಲಿಗೆ 57, 61, 65, 70, 74, 79, 86, 92, 97, 125 ಕಿಲೊ ಎಂದು ಹತ್ತು ತೂಕಗಳನ್ನು ಗೊತ್ತುಪಡಿಸಿತು. ಹೆಣ್ಣುಮಕ್ಕಳಿಗೂ ಬೇರೆ ಹತ್ತು ತೂಕಗಳಾದವು. ತಂಡ-ತಂಡಗಳ ಪಂದ್ಯವಾದರೆ ಒಂದೊಂದು ತೂಕಕ್ಕೆ ಒಬ್ಬೊಬ್ಬನು ಇಳಿಯುವನು. ಹೆಚ್ಚು ಜೋಡಿ ಗೆದ್ದವರದು ಗೆಲುವು.

ಇದರಿಂದ ಮೊದಲನೆಯ ಪಾಠ ಹೊರಡುವದು. ಊರಿನ ಐದು ಜನ ಗಟ್ಟಿ ಪೈಲ್ವಾನರನ್ನು ಸಾಲಾಗಿ ನಿಲ್ಲಿಸಿದರೆ ತಂಡವಾಗದು. ಆ ಐವರೂ 74 ಕಿಲೊದವರಾಗಿದ್ದರೆ ಕಣಕ್ಕಿಳಿಯುವವನು ಒಬ್ಬನೇ. ಉಳಿದ ನಾಲ್ಕು ಜಾಗ ಬರಿದು. 57 ಕಿಲೊದ ಸಣ್ಣ ಹುಡುಗನ ಗೆಲುವಿಗೂ, ಮೀಸೆ ಹುರಿ ಮಾಡಿದ ದೊಡ್ಡವನ ಗೆಲುವಿಗೂ ತಂಡದ ಲೆಕ್ಕದಲ್ಲಿ ಬೆಲೆ ಒಂದೇ.

ಎರಡನೆಯದು, ಸೋಲುವ ರೀತಿ. ಹೊಸ ನಿಯಮದಂತೆ ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ವಿರಾಮ. ಎದುರಾಳಿಯ ಎರಡೂ ಭುಜ ನೆಲಕ್ಕೆ ಹತ್ತಿಸಿ ‘ಚಿತ್’ ಮಾಡಿದರೆ ಗೆದ್ದವನ ಲೆಕ್ಕಕ್ಕೆ 5 ಅಂಕ, ಬಿದ್ದವನಿಗೆ ಸೊನ್ನೆ. ಮುಕ್ತ ಶೈಲಿಯಲ್ಲಿ 10 ಅಂಕ ಮುಂದೆ ಹೋದರೆ ಕುಸ್ತಿ ಅಲ್ಲಿಗೇ ಮುಗಿಯುವದು, ಗೆದ್ದವನಿಗೆ 4. ಕೊನೆಯವರೆಗೆ ಕಾದಾಡಿ ಬರೀ ಅಂಕಗಳಿಂದ ಸೋತರೆ ಗೆದ್ದವನಿಗೆ 3. ಸೋತವನು ತಾನೂ ಅಂಕ ಗಳಿಸಿದ್ದರೆ ಅವನ ಲೆಕ್ಕಕ್ಕೆ 1. ಅಂದರೆ ಸೋಲಿನಲ್ಲಿಯೂ 5-0 ಎಂಬುದು ಬೇರೆ, 3-1 ಎಂಬುದು ಬೇರೆ. ಈ ಅಂಕಗಳನ್ನು ಕೂಡಿಸುವ ಪಂದ್ಯದಲ್ಲಿ, ಬಲಾಢ್ಯನ ಮುಂದೆಯೂ ಚಿತ್ ಆಗದೆ ಆರು ನಿಮಿಷ ನಿಲ್ಲಬಲ್ಲವನು ತಂಡಕ್ಕೆ ದೊಡ್ಡ ಆಸ್ತಿ. ಆದ್ದರಿಂದ ಆರಿಸುವವರು ‘ಇವನು ಯಾರನ್ನು ಕೆಡವಿದನು?’ ಎಂದು ಕೇಳಿದರೆ ಸಾಲದು. ‘ಇವನನ್ನು ಕೆಡವುವದು ಎಷ್ಟು ಕಷ್ಟ?’ ಎಂದೂ ಕೇಳಬೇಕು.

ಮೂರನೆಯದು, ಒಂದೇ ತೂಕಕ್ಕೆ ಇಬ್ಬರಿದ್ದರೆ ಅವರಿಬ್ಬರಿಗೂ ಕುಸ್ತಿ ಹಚ್ಚಿ ನೋಡುವದು. ಒಂದೇ ದಿನ ನೋಡಿ ನಿರ್ಧರಿಸಬಾರದು. ಒಬ್ಬನು ರಾತ್ರಿ ಹಮಾಲಿ ಮಾಡಿ ಬಂದಿರಬಹುದು. ಇನ್ನೊಬ್ಬನು ಚೆನ್ನಾಗಿ ಉಂಡು ಮಲಗಿ ಬಂದಿರಬಹುದು. ನಮ್ಮ ವಸ್ತಾದರು ಮೂರು ಬೇರೆ ಬೇರೆ ದಿನ ಹಚ್ಚಬೇಕೆನ್ನುವರು. ಎರಡನೆಯ ಸುತ್ತಿನಲ್ಲಿ ಯಾರ ಕಾಲು ಭಾರವಾಗುವವು, ಕೆಳಗೆ ಬಿದ್ದವನು ಸಿಟ್ಟಾಗುವನೋ ಯೋಚಿಸುವನೋ ಎಂದು ನೋಡುವರು. ತೂಕ ಹೆಚ್ಚಿದ್ದವನನ್ನು ಉಪವಾಸ ಕೆಡವಿ ಇಳಿಸುವದು ಅವರಿಗೆ ಸೇರದು. ನೀರು ಬಿಟ್ಟು ಇಳಿಸಿದ ತೂಕದೊಡನೆ ತೋಳಿನ ಕಸುವೂ ಇಳಿಯುವದು.

ನಾಲ್ಕನೆಯದು, ಪ್ರತಿ ತೂಕಕ್ಕೂ ಒಬ್ಬ ಬದಲಿಯನ್ನು ಇಟ್ಟುಕೊಳ್ಳುವದು. ಈ ನಾಲ್ಕನೆಯದರಲ್ಲಿಯೇ ನಾನು ಕೆಟ್ಟೆನು.

ಎರಡು ವರ್ಷಗಳ ಹಿಂದೆ ಸಮೀಪದ ಒಂದು ಊರಿನ ಜಾತ್ರೆಯಲ್ಲಿ ಐದು ಜೋಡಿಗಳ ಪಂದ್ಯ ಗೊತ್ತಾಯಿತು: 57, 61, 65, 70, 74 ಕಿಲೊ. ಮೂರು ಗೆದ್ದವರಿಗೆ ಢಾಲು. ವಸ್ತಾದರು ಕಾಯಿಲೆಯಿಂದ ಮಲಗಿದ್ದರು. “ಬಿ.ಎ. ಓದೂ ಹುಡುಗ ಅದಾನ, ಕಮಿಟಿಯವರ ಕೂಡ ಮಾತಾಡತಾನ” ಎಂದು ಎಲ್ಲರೂ ನನ್ನನ್ನೇ ನಾಯಕನನ್ನಾಗಿ ಮಾಡಿದರು. ನನಗೂ ಹೆಮ್ಮೆಯಾಯಿತು. ಒಂದು ನೋಟುಬುಕ್ಕಿನಲ್ಲಿ ಪರೀಕ್ಷೆಯ ಗುಣಪಟ್ಟಿಯಂತೆ ಎಲ್ಲರ ಹೆಸರು ಬರೆದು, ಬಲಕ್ಕೆ ಇಷ್ಟು, ದಮ್ಮಿಗೆ ಇಷ್ಟು ಎಂದು ಗುಣ ಹಾಕಿದೆನು.

65 ಕಿಲೊಗೆ ಇಬ್ಬರಿದ್ದರು. ಒಬ್ಬನು ಗಟ್ಟಿಗ, ತೂಕ ಮಾತ್ರ 67. ಇನ್ನೊಬ್ಬನು ಗೌಂಡಿ ಕೆಲಸದವರ ಮಗ. ತೂಕ ಸರಿಯಾಗಿತ್ತು, ಕೆಳಗಿನ ಕುಸ್ತಿ ಚೆನ್ನಾಗಿತ್ತು. ಆದರೆ ಕೆಲಸವಿದ್ದ ದಿನ ಗರಡಿಗೆ ಬರುತ್ತಿರಲಿಲ್ಲ. ನಾನು ಗಟ್ಟಿಗನನ್ನು ಆರಿಸಿದೆನು. ಅಷ್ಟಕ್ಕೇ ಬಿಡದೆ, ಎಲ್ಲರೂ ಕುಳಿತಿದ್ದಾಗ ನೋಟುಬುಕ್ಕು ಹಿಡಿದು ಗಟ್ಟಿಯಾಗಿ ಓದಿದೆನು. ಅವನ ಹೆಸರು ಬಂದಾಗ “ಇಂವಾ ವಾರದಾಗ ಮೂರು ದಿನಾ ಬರತಾನ, ಅರ್ಧಾ ಪೈಲ್ವಾನ” ಎಂದೆನು. ಎಲ್ಲರೂ ನಕ್ಕರು. ಅವನು ಮೈಯ ಮಣ್ಣು ಒರೆಸಿಕೊಂಡು, ಲಂಗೋಟವನ್ನು ಚೀಲದಲ್ಲಿಟ್ಟುಕೊಂಡು ಹೊರಟುಹೋದನು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಪಂದ್ಯದ ದಿನ ಮುಂಜಾನೆ ಅಡತಿ ಅಂಗಡಿಯ ಕಾಟಾದ ಮೇಲೆ ನಮ್ಮ ಗಟ್ಟಿಗನು ನಿಂತಾಗ 66 ಕಿಲೊ 200 ಗ್ರಾಂ ಬಂದಿತು. ಎರಡು ದಿನದಿಂದ ಉಣ್ಣದೆ ಅವನ ಕಣ್ಣು ಒಳಗೆ ಹೋಗಿದ್ದವು. ಓಡಿಸಿದೆವು, ಕಂಬಳಿ ಹೊಚ್ಚಿ ಕೂಡ್ರಿಸಿದೆವು, ಕಿಲೊ ಇಳಿಯಲಿಲ್ಲ. ಬದಲಿಗೆ ಯಾರೂ ಇರಲಿಲ್ಲ. ಎದುರಿನವರ ಹುಡುಗನು ಕಣದ ನಡುವೆ ಒಬ್ಬನೇ ನಿಂತನು. ಪಂಚರು ಅವನ ಕೈ ಎತ್ತಿದರು. 57ರಲ್ಲಿ ನಾವು ಗೆದ್ದೆವು, 70ರಲ್ಲಿ ನಾನು ಗೆದ್ದೆನು. 61, 74ರಲ್ಲಿ ಸೋತೆವು. ಕುಸ್ತಿಯನ್ನೇ ಹಿಡಿಯದ ಒಂದು ಜೋಡಿಯಿಂದ ಢಾಲು ಹೋಯಿತು.

ಆ ವರ್ಷವೇ ತರಗತಿಯಲ್ಲಿ ನಮ್ಮ ಗುರುಗಳು ಭಾರತದ ಕಥೆ ಹೇಳುತ್ತಿದ್ದರು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಕಾವ್ಯ ರಚಿಸಿದನೆಂದು ಹೆಮ್ಮೆಪಡುವ ಸೀಮೆ ನಮ್ಮದು. ನಮ್ಮ ರೋಣದ ಹೆಸರೂ ದ್ರೋಣಪುರದಿಂದ ಬಂದಿತೆಂದು ಹಿರಿಯರು ಹೇಳುವದುಂಟು. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೌರವರ ಸೇನಾಪತಿಯಾದ ಭೀಷ್ಮನು ತನ್ನ ಕಡೆಯ ವೀರರನ್ನು ರಥ, ಅತಿರಥರೆಂದು ಎಣಿಸುವನು. ಕರ್ಣನ ಸರತಿ ಬಂದಾಗ ತುಂಬಿದ ಸಭೆಯಲ್ಲಿ ‘ಅರ್ಧರಥ’ ಎನ್ನುವನು, ದ್ರೋಣನು ಹೌದೆನ್ನುವನು. ಭೀಷ್ಮನು ಇರುವವರೆಗೆ ತಾನು ಯುದ್ಧ ಮಾಡೆನೆಂದು ಕರ್ಣನು ದೂರ ಉಳಿಯುವನು. ಭೀಷ್ಮನು ಸೇನಾಪತಿಯಾಗಿದ್ದ ಹತ್ತು ದಿನ ಕೌರವರು ಕರ್ಣನಿಲ್ಲದೆ ಕಾದಿದರು. ಇದನ್ನು ಕೇಳಿದಾಗ ನಾನು ಬೆಂಚಿನ ಮೇಲೆ ತಲೆ ಬಗ್ಗಿಸಿ ಕುಳಿತೆನು. ಕರ್ಣನಿಗೆ ಕವಚವಿರಲಿಲ್ಲ, ಶಾಪವಿತ್ತು. ಭೀಷ್ಮನ ಎಣಿಕೆ ತಪ್ಪಲ್ಲದಿರಬಹುದು. ಆದರೆ ಅದನ್ನು ನುಡಿದ ಸ್ಥಳ ತಪ್ಪಾಯಿತು. ನಾಯಕನಿಗೆ ಅಳೆಯುವ ಕಣ್ಣು ಎಷ್ಟು ಬೇಕೋ, ಅಳತೆಯನ್ನು ಎಲ್ಲಿ ಹೇಳಬೇಕೆಂಬ ಬುದ್ಧಿಯೂ ಅಷ್ಟೇ ಬೇಕು.

ಪಾಂಡವರ ಕಡೆಯ ರೀತಿ ಬೇರೆ. ಧರ್ಮರಾಯನು ತಮ್ಮಂದಿರನ್ನು ಕೂಡ್ರಿಸಿ ಸೇನಾಪತಿ ಯಾರಾಗಬೇಕೆಂದು ಕೇಳುವನು. ಸಹದೇವನು ವಿರಾಟನನ್ನು, ನಕುಲನು ದ್ರುಪದನನ್ನು, ಅರ್ಜುನನು ಧೃಷ್ಟದ್ಯುಮ್ನನನ್ನು, ಭೀಮನು ಶಿಖಂಡಿಯನ್ನು ಹೆಸರಿಸುವರು. ಭೀಮಾರ್ಜುನರಂಥ ಕಲಿಗಳೂ ‘ನಾನೇ ಆಗುವೆನು’ ಎನ್ನಲಿಲ್ಲ. ಕೊನೆಗೆ ಧೃಷ್ಟದ್ಯುಮ್ನನು ಸೇನಾಪತಿಯಾದನು. ಹದಿನೆಂಟು ದಿನವೂ ಅವನೇ ಉಳಿದನು. ಅತ್ತ ಅದೇ ಹದಿನೆಂಟು ದಿನಗಳಲ್ಲಿ ಭೀಷ್ಮ, ದ್ರೋಣ, ಕರ್ಣ, ಶಲ್ಯ ಎಂದು ನಾಲ್ವರು ಬದಲಾದರು. ಎಲ್ಲರಿಗಿಂತ ಬಲಶಾಲಿಯೇ ನಾಯಕನಾಗಬೇಕೆಂಬ ನಿಯಮವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವದು. ನನ್ನ ಹಾಗೆ ನಾಲ್ಕಕ್ಷರ ಬಲ್ಲವನೇ ಆಗಬೇಕೆಂಬುದೂ ಇಲ್ಲ.

ಜಪಾನಿನ ಕೆಂಡೊ ಎಂಬ ಖಡ್ಗವಿದ್ಯೆಯ ತಂಡಗಳಲ್ಲಿಯೂ ಸಾಮಾನ್ಯವಾಗಿ ಐವರಿರುವರು. ಮೊದಲು ಇಳಿಯುವವನು ಸೆಂಪೊ, ನಡುವಿನವನು ಚೂಕೆನ್, ಕೊನೆಯವನು ತೈಶೊ, ಅಂದರೆ ದಳಪತಿ. ದಳಪತಿಯು ನಾಲ್ವರ ಸೋಲು-ಗೆಲುವುಗಳನ್ನು ಕಣ್ಣಾರೆ ಕಂಡ ಮೇಲೆ ಏಳಬೇಕು. ಗೆಲುವೇ ಬೇಕಾದಾಗ ಮುನ್ನುಗ್ಗಲು, ಸಮ ಸಾಕಾದಾಗ ತಡೆದು ನಿಲ್ಲಲು ಅವನಿಗೆ ಮನಸ್ಸಿನ ಸ್ಥಿಮಿತ ಬೇಕು.

ನನ್ನ ಅಭಿಪ್ರಾಯದಲ್ಲಿ ನಾಯಕನಿಗೆ ಮೂರು ಗುಣಗಳು ಬೇಕು. ಹುಡುಗರ ತೂಕವಷ್ಟೇ ಅಲ್ಲದೆ ಅವರ ಮನೆಯ ಸ್ಥಿತಿಯೂ ಅವನಿಗೆ ಗೊತ್ತಿರಬೇಕು. ತನಗಿಂತ ಮೇಲಾದವನು ಅದೇ ತೂಕದಲ್ಲಿದ್ದರೆ ತಾನು ಲಂಗೋಟ ಬಿಚ್ಚಿಟ್ಟು ನೀರಿನ ತಂಬಿಗೆ ಹಿಡಿಯಲು ಸಿದ್ಧನಿರಬೇಕು. ಆರಿಸದೆ ಬಿಟ್ಟವನನ್ನು ಒಬ್ಬನನ್ನೇ ಕರೆದು, ಬಿಟ್ಟ ಕಾರಣವನ್ನು ತಿಳಿಸಿ, ‘ನೀನು ಬದಲಿಯವನು, ನಿನ್ನನ್ನು ನಂಬಿರುವೆವು’ ಎಂದು ಹೇಳಬೇಕು.

ಪಂದ್ಯವಾದ ಎಂಟು ದಿನಕ್ಕೆ ನಾನು ಆ ಹುಡುಗನ ಮನೆಗೆ ಹೋದೆನು. ಅವನು ಹೊಸ ಮನೆಯೊಂದರ ಗೋಡೆಗೆ ಗಿಲಾಯಿ ಮಾಡಿ ಆಗತಾನೆ ಬಂದಿದ್ದನು. ಕೈಗೆ ಸಿಮೆಂಟು ಹತ್ತಿತ್ತು. “ತಪ್ಪಾತಪಾ, ನಾ ಹಂಗ ಅನಬಾರದಿತ್ತು” ಎಂದೆನು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಅವನ ತಾಯಿ ಚಹಾ ತಂದುಕೊಟ್ಟರು. ಕೊನೆಗೆ ಅವನು, “ಅವತ್ತ ಕಾಟಾದ ಹತ್ರ ನಾನೂ ಬಂದಿದ್ದೆ. ಹಿಂದ ನಿಂತಿದ್ದೆ. ನೀ ಒಮ್ಮಿ ಹೊಳ್ಳಿ ನೋಡಿದ್ರ ಸಾಕಿತ್ತು” ಎಂದನು.

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಈಗ ಅವನು ಗರಡಿಗೆ ಬರುತ್ತಾನೆ, ಕೆಲಸವಿಲ್ಲದ ದಿನ. ಮುಂದಿನ ಪಂದ್ಯಕ್ಕೆ ಹುಡುಗರನ್ನು ಆರಿಸುವಾಗ ವಸ್ತಾದರು ಅವನನ್ನೇ ಪಕ್ಕಕ್ಕೆ ಕೂಡ್ರಿಸಿಕೊಂಡರು. ನಾನು ನೋಟುಬುಕ್ಕನ್ನು ಮನೆಯಲ್ಲಿಯೇ ಬಿಟ್ಟು ಹೋಗಿದ್ದೆನು.